ಪ್ಯಾಸೆಂಜರ್ ಗಾಡಿ ಕಾಯುವುದಿಲ್ಲ ಸಾರ್

ಮಂಗಳೂರಿನ ಧಣಿಗಳಿಗೆ, ಮ್ಯಾನೇಜರ್‌ಗಳಿಗೆ, ಸಣ್ಣ ದೊಡ್ಡ ಆಫೀಸು ನಡೆಸುವ ಸಾರ್‌ಗಳಿಗೆ, ಮೇಡಮ್‌ಗಳಿಗೆ ನಮಸ್ಕಾರ.

ನಾನು ಗಡಿಯಾಚೆಯವಳು. ನಿಮ್ಮ ಲೆಕ್ಕದಲ್ಲಿ ಆಚೆ, ನನ್ನ ಲೆಕ್ಕದಲ್ಲಿ ಈಚೆ. ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಸೀತಾಂಗೋಳಿಯಿಂದ ಸ್ವಲ್ಪ ಒಳಗೆ. ಕುಂಬಳೆಯಲ್ಲಿ ರೈಲಿಳಿದು ಬದಿಯಡ್ಕ ಬಸ್ಸು ಹತ್ತಬೇಕು. ಕೆಲಸ ಮಂಗಳೂರಿನ ಒಂದು ಟ್ಯಾಕ್ಸ್ ಆಫೀಸಿನಲ್ಲಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು, ಪಾರ್ಟಿಗಳ, ಅಂದರೆ ನಮ್ಮ ಗಿರಾಕಿಗಳ, ಹತ್ತಿರ ಬಿಲ್ಲಿಗಾಗಿ ಗೋಗರೆಯುವುದು. ಹದಿನಾಲ್ಕು ವರ್ಷದಿಂದ ಒಂದೇ ಕಡೆ ಇದ್ದೇನೆ. ಹಾಗಾಗಿ ಇದು ಕೆಲಸ ಬಿಟ್ಟು ಹೋಗುವ ಸಿಟ್ಟಿನಲ್ಲಿ ಬರೆದ ಪತ್ರ ಅಲ್ಲ. ನಮ್ಮ ಸಾರ್ ಕೆಟ್ಟವರೂ ಅಲ್ಲ. ಅವರ ಹೆಸರು, ಆಫೀಸಿನ ಹೆಸರು ಕೇಳಬೇಡಿ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಪ್ಯಾಸೆಂಜರ್ ಗಾಡಿ ನಿಮಗೆ ಗೊತ್ತುಂಟಾ? ಟೈಮು ಬರೆಯುವುದಿಲ್ಲ, ರೈಲ್ವೆಯವರು ಆಗಾಗ ಹಿಂದೆ ಮುಂದೆ ಮಾಡುತ್ತಿರುತ್ತಾರೆ. ನನ್ನ ಲೆಕ್ಕ ಇಷ್ಟೇ. ಐದೂವರೆಗೆ ಕುರ್ಚಿ ಬಿಟ್ಟರೆ ಆರಾಮದಲ್ಲಿ ಸಿಗುತ್ತದೆ, ಮಧ್ಯೆ ಒಂದು ಕಟ್ಟು ಬಸಳೆ ತೆಗೆದುಕೊಳ್ಳಲೂ ಪುರುಸೊತ್ತುಂಟು. ಐದು ನಲವತ್ತಾದರೆ ಹಂಪನಕಟ್ಟೆಯಿಂದ ಓಡಬೇಕು. ಐದು ಐವತ್ತಾದರೆ ಆಸೆ ಬಿಡಬೇಕು. ಹೆಚ್ಚಿನ ಎಕ್ಸ್‌ಪ್ರೆಸ್ ಗಾಡಿಗಳು ಕುಂಬಳೆಯಲ್ಲಿ ನಿಲ್ಲುವುದಿಲ್ಲ. ಆಮೇಲೆ ಉಳಿಯುವುದು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬಂದು ಕಾಸರಗೋಡು ಬಸ್ಸು ಹಿಡಿಯುವುದು. ಪಂಪ್‌ವೆಲ್‌ನಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡು, ತೊಕ್ಕೊಟ್ಟಿನಲ್ಲಿ ಇನ್ನೊಮ್ಮೆ ಸಿಕ್ಕಿಹಾಕಿಕೊಂಡು, ಗಡಿಯ ತಲಪಾಡಿ ದಾಟುವವರೆಗೆ ಕಂಬಿ ಹಿಡಿದು ನಿಂತು, ಕುಂಬಳೆ ಮುಟ್ಟುವಾಗ ನನ್ನ ಬದಿಯಡ್ಕ ಬಸ್ಸು ಹೋಗಿ ಆಗಿರುತ್ತದೆ. ಮುಂದಿನದಕ್ಕೆ ಕಾಯುವುದು. ಮಳೆ ಬಂದರೆ ಆಟೋದವರೂ ಸಿಗುವುದಿಲ್ಲ. ಏಳೂವರೆಗೆ ಮನೆ ಮುಟ್ಟಬೇಕಾದವಳು ಒಂಬತ್ತೂಕಾಲಿಗೆ ಮುಟ್ಟುತ್ತೇನೆ. ರೈಲಿನ ಸೀಸನ್ ಟಿಕೆಟಿಗೆ ಮೊದಲೇ ದುಡ್ಡು ಕಟ್ಟಿರುತ್ತೇನೆ, ಬಸ್ಸಿನ ದುಡ್ಡು ಮೇಲಿಂದ.

ಈಗ ನೀವು ಸಂಜೆ ಹೇಳುವ ಆ ಮಾತನ್ನು ನೆನಪು ಮಾಡಿಕೊಳ್ಳಿ. "ಒಂದು ಹತ್ತು ಹದಿನೈದು ನಿಮಿಷ ಅಷ್ಟೇ, ಇದೊಂದು ಮುಗಿಸಿ ಹೋಗಿ." ಮಂಗಳೂರಿನಲ್ಲೇ, ಜೆಪ್ಪಿನಲ್ಲಿ ಮನೆ ಇರುವ ನನ್ನ ಸಹೋದ್ಯೋಗಿಗೆ ಅದು ನಿಜವಾಗಿಯೂ ಹದಿನೈದೇ ನಿಮಿಷ. ನನಗೆ ಅದು ಒಂದೂಮುಕ್ಕಾಲು ಗಂಟೆ. ನೀವು ಹದಿನೈದು ನಿಮಿಷ ಕೇಳಿದಿರಿ, ಹದಿನೈದೇ ನಿಮಿಷದ ಕೆಲಸ ಸಿಕ್ಕಿತು. ಬಾಕಿ ಒಂದೂವರೆ ಗಂಟೆ ನಿಮಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ತೊಕ್ಕೊಟ್ಟಿನ ರೋಡಿನಲ್ಲಿ ಹೋಯಿತು.

ಆ ಒಂದೂಮುಕ್ಕಾಲು ಗಂಟೆಯಲ್ಲಿ ಎಂತ ಉಂಟು ಅಂತ ಕೇಳಿದರೆ ಹೇಳುತ್ತೇನೆ. ನನ್ನ ಅತ್ತೆಗೆ ಸಕ್ಕರೆ ಕಾಯಿಲೆ. ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಬೇಕು. ಗಂಡ ತೋಟ, ಹಾಲಿನ ಸೊಸೈಟಿ ಎಂದು ಆ ಹೊತ್ತಿಗೆ ಮನೆಯಲ್ಲಿ ಇರುವುದು ಕಮ್ಮಿ. ಇದ್ದರೂ ಸೂಜಿ ಅಂದರೆ ಅವರಿಗೆ ಕೈ ನಡುಗುತ್ತದೆ. ಹಾಗಾಗಿ ಅದು ನನ್ನ ಕೆಲಸ. ಕಳೆದ ವರ್ಷ ಜುಲೈಯಲ್ಲಿ ಒಂದು ದಿನ ಬಸ್ಸು ಸಿಕ್ಕದೆ ಒಂಬತ್ತೂವರೆಗೆ ಮನೆಗೆ ಬಂದರೆ ಅತ್ತೆ ಗಂಜಿ ಉಂಡು ಮಲಗಿದ್ದರು. ಇನ್ಸುಲಿನ್ ಕೊಟ್ಟವಳು ಏಳನೇ ಕ್ಲಾಸಿನ ನನ್ನ ಮಗಳು. ನಾನು ಮಾಡುವುದನ್ನು ನೋಡಿ ನೋಡಿ ಕಲಿತಿದ್ದಾಳೆ. ಅಜ್ಜಿಯ ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಹಿಡಿದು, ಹತ್ತರವರೆಗೆ ಎಣಿಸಿ, ಸೂಜಿ ತೆಗೆದು, ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ರೈಟ್ ಹಾಕಿಟ್ಟಿದ್ದಳು. "ಅಮ್ಮ, ನೋವಾಯ್ತಾ ಅಂತ ಕೇಳಿದೆ, ಇಲ್ಲ ಅಂದ್ರು" ಎಂದಳು. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯೊಳಗೆ ಎಂತದೋ ಕಿವುಚಿದ ಹಾಗೂ ಆಯಿತು. ಆ ದಿನ ಆಫೀಸಿನಲ್ಲಿ ನನ್ನನ್ನು ನಿಲ್ಲಿಸಿಕೊಂಡದ್ದು ಯಾವ ಕೆಲಸಕ್ಕೆ ಗೊತ್ತುಂಟಾ? ಒಂದು ಫೈಲಿನ ಕಾಗದಗಳನ್ನು ತಾರೀಕು ಪ್ರಕಾರ ಜೋಡಿಸಲು. ಆ ಫೈಲನ್ನು ಯಾರೂ ಮತ್ತೆ ಹನ್ನೆರಡು ದಿನ ಮುಟ್ಟಲಿಲ್ಲ.

ದೊಡ್ಡವರ ಮಾತೂ ಕೇಳಿದ್ದೇವೆ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ನನ್ನ ಕೆಲಸ ಲೆಕ್ಕ ಹಾಕುವುದಲ್ವಾ, ಹಾಕಿ ನೋಡಿದೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 11 ಗಂಟೆ 40 ನಿಮಿಷ. ನನಗೆ ಹೋಗಿ ಬರಲು ನಾಲ್ಕೂವರೆ ಗಂಟೆ. ಎರಡೂ ಸೇರಿ ಹದಿನಾರು ಗಂಟೆ ದಾಟಿತು. ಉಳಿದ ಎಂಟು ಗಂಟೆಯೊಳಗೆ ನಿದ್ದೆ, ಸ್ನಾನ, ಅಡುಗೆ, ಬಟ್ಟೆ, ಇನ್ಸುಲಿನ್ ಎಲ್ಲಾ ಮುಗಿಯಬೇಕು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರಾದ ಎಸ್.ಎನ್. ಸುಬ್ರಹ್ಮಣ್ಯನ್ ಅವರು 90 ಗಂಟೆಯ ಮಾತಾಡಿದರು, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು. ನನ್ನ ಗಂಡನಿಗೆ ನನ್ನ ಮುಖ ನೋಡಲು ಸಿಗುವುದೇ ಭಾನುವಾರ. ಅದೂ ಅರ್ಧ ದಿನ ಒಲೆಯ ಕಡೆಗೆ ತಿರುಗಿರುತ್ತದೆ. ಅವರಿಗೆ ಉತ್ತರ ಕೊಡುವಷ್ಟು ದೊಡ್ಡವಳು ನಾನಲ್ಲ. ನನ್ನ ತಕರಾರು 70ರ ಬಗ್ಗೆಯೂ ಅಲ್ಲ, ವಾರದ 48 ಗಂಟೆ ಕೆಲಸ ಮುಗಿದ ಮೇಲಿನ ಆ ಹದಿನೈದು ನಿಮಿಷದ ಬಗ್ಗೆ.

ಈ ವಿಷಯ ನಾನು ಮೊದಲ ಸಲ ಸಾರ್ ಹತ್ತಿರ ಎತ್ತಿದ್ದು ಒಂದು 20ನೇ ತಾರೀಕು, ಸಂಜೆ ಏಳು ಗಂಟೆಗೆ. ಜಿಎಸ್‌ಟಿಯ 3ಬಿ ಎಂಬ ತಿಂಗಳ ರಿಟರ್ನಿನ ಕೊನೆಯ ದಿನ. ಪೋರ್ಟಲ್ ತಿರುಗುತ್ತಾ ಕೂತಿದೆ, ಮೂರು ಪಾರ್ಟಿಗಳದ್ದು ಇನ್ನೂ ಬಾಕಿ, ಓಟಿಪಿ ಕೇಳಿದರೆ ಪಾರ್ಟಿ ಫೋನ್ ತೆಗೆಯುತ್ತಿಲ್ಲ. ನಾನು ಎದ್ದು ನಿಂತು "ದಿನಾ ಹೀಗೇ ಆದರೆ ನನಗೆ ಆಗುವುದಿಲ್ಲ ಸಾರ್" ಎಂದೆ. ಸ್ವರ ಸ್ವಲ್ಪ ಜಾಸ್ತಿಯೇ ಆಗಿತ್ತು. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ "ಆಗುವುದಿಲ್ಲ ಅಂದ್ರೆ ನೋಡಮ್ಮಾ, ನಿನ್ನ ಇಷ್ಟ" ಎಂದರು. ಮುಗಿಯಿತು. ಆ ದಿನ, ಆ ಹೊತ್ತಿನಲ್ಲಿ ಯಾರ ಹತ್ತಿರವೂ ಯಾವ ಮಾತೂ ಆಡಬಾರದು ಎಂದು ಗೊತ್ತಾಗಲು ನನಗೆ ಹದಿಮೂರು ವರ್ಷ ಬೇಕಾಯಿತು.

ಆಮೇಲೆ ಒಂದು ಡೈರಿ ಇಟ್ಟೆ. ಅಡಿಕೆ ಮಂಡಿಯವರು ಕೊಡುವ ಸಣ್ಣ ಡೈರಿ, ಅಂಗೈಯಷ್ಟಿರುತ್ತದಲ್ಲ, ಅದು. ಜೂನ್, ಜುಲೈ, ಆಗಸ್ಟ್, ಮೂರು ತಿಂಗಳು. ದಿನಾ ಎಷ್ಟು ಗಂಟೆಗೆ ಕುರ್ಚಿಯಿಂದ ಎದ್ದೆ, ಯಾಕೆ ತಡವಾಯಿತು, ಗಾಡಿ ಸಿಕ್ಕಿತೋ ಇಲ್ಲವೋ. ಅಷ್ಟೇ, ಬೈಗುಳ ಇಲ್ಲ. ಒಟ್ಟು 74 ಕೆಲಸದ ದಿನ. ಐದೂವರೆ ದಾಟಿದ್ದು 41 ದಿನ. ಅದರಲ್ಲಿ 13 ದಿನ ರಿಟರ್ನಿನ ಕೊನೆಯ ತಾರೀಕಿನ ಗಡಿಬಿಡಿ, ಅದಕ್ಕೆ ನನ್ನ ತಕರಾರಿಲ್ಲ. 12 ದಿನ ಪಾರ್ಟಿ ಸಂಜೆ ಐದರ ಮೇಲೆ ಬಿಲ್ಲಿನ ಕಟ್ಟು ಹಿಡಿದುಕೊಂಡು ಬಂದದ್ದು. 7 ದಿನ ಬೆಳಿಗ್ಗೆಯಿಂದ ಸಾರ್ ಟೇಬಲಿನಲ್ಲಿ ಮಲಗಿದ್ದ ಕೆಲಸ ಐದು ಗಂಟೆಗೆ ನನ್ನ ಟೇಬಲಿಗೆ ಬಂದದ್ದು. ಬಾಕಿ 9 ದಿನ? ಬಾಕಿ 9 ದಿನಕ್ಕೆ ಕಾರಣವೇ ಇಲ್ಲ. ಸಾರ್ ಎದ್ದಿರಲಿಲ್ಲ, ಹಾಗಾಗಿ ಯಾರೂ ಏಳಲಿಲ್ಲ. ಎಲ್ಲರೂ ಸುಮ್ನೆ ಮೌಸ್ ಆಡಿಸುತ್ತಾ ಕೂತಿದ್ದೆವು.

ಈ 9 ದಿನಗಳ ಬಗ್ಗೆ ಧಣಿಗಳು ಸ್ವಲ್ಪ ಯೋಚನೆ ಮಾಡಬೇಕು. ನಿಮ್ಮಲ್ಲಿ ಹೆಚ್ಚಿನವರ ಮನೆ ಆಫೀಸಿನಿಂದ ಇಪ್ಪತ್ತು ನಿಮಿಷದಲ್ಲಿರುತ್ತದೆ. ಕೆಲವರಿಗೆ ಮನೆಗೆ ಬೇಗ ಹೋಗಬೇಕೆಂಬ ಆಸೆಯೂ ಇರುವುದಿಲ್ಲ, ಅದು ನಿಮ್ಮ ಮನೆಯ ವಿಷಯ. ಆದರೆ ನೀವು ಏಳುವವರೆಗೆ ನಾವು ಏಳುವಂತಿಲ್ಲ ಎಂಬ ನಿಯಮ ಎಲ್ಲೂ ಬರೆದಿಲ್ಲ, ಆದರೂ ಎಲ್ಲಾ ಆಫೀಸಿನಲ್ಲೂ ಉಂಟು.

ಅಕ್ಟೋಬರಿನಲ್ಲಿ, 11ನೇ ತಾರೀಕಿನ ರಿಟರ್ನ್ ಮುಗಿದು ಎರಡು ದಿನ ಬಿಟ್ಟು, ಚಾ ಕುಡಿಯುವ ಹೊತ್ತಿಗೆ ಡೈರಿ ತೆಗೆದುಕೊಂಡು ಹೋದೆ. ನಮ್ಮ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಟ್ಯಾಕ್ಸ್ ಆಫೀಸಿನ ಗಡಿಬಿಡಿ ಎನ್ನುವುದು ಬಸ್ಸು ಪಂಕ್ಚರ್ ಆದ ಹಾಗೆ ಅಲ್ಲ, ಹಬ್ಬದ ಹಾಗೆ. ಯಾವ ದಿನ ಬರುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಟಿಡಿಎಸ್ ಕಟ್ಟಲು 7, ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್ 1 ರಿಟರ್ನಿಗೆ 11, ಪಿಎಫ್, ಇಎಸ್‌ಐಗೆ 15, 3ಬಿಗೆ 20. ಹೆಚ್ಚುಕಮ್ಮಿ ಪ್ರತಿ ತಿಂಗಳೂ ಇದೇ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಸರ್ಕಾರ ಕೆಲವು ಸಲ ತಾರೀಕು ಮುಂದೆ ಹಾಕಿದೆಯೇ ಹೊರತು ಹಿಂದಕ್ಕೆ ತಂದದ್ದು ನನಗೆ ನೆನಪಿಲ್ಲ. ಹಾಗಿದ್ದ ಮೇಲೆ ಪ್ರತಿ ತಿಂಗಳು 10ಕ್ಕೆ "ಅಯ್ಯೋ ನಾಳೆ ಹನ್ನೊಂದು" ಎಂದು ಬೊಬ್ಬೆ ಹಾಕುವುದು ಯಾಕೆ? ನಿಮ್ಮ ಕಸುಬು ಬೇರೆ ಇರಬಹುದು. ಆದರೆ ಕೂತು ನೋಡಿದರೆ ನಿಮ್ಮ ಅರ್ಜೆಂಟುಗಳಲ್ಲೂ ಮುಕ್ಕಾಲು ಪಾಲಿಗೆ ತಾರೀಕು ಇರುತ್ತದೆ. ಮದುವೆ ಸೀಸನ್, ಶಾಲೆ ಶುರುವಾಗುವ ಸೀಸನ್, ಸ್ಟಾಕ್ ಲೆಕ್ಕ, ಯಾವುದು ಹೇಳದೆ ಕೇಳದೆ ಬರುತ್ತದೆ ಹೇಳಿ?

ನಾನು ಸಾರ್ ಹತ್ತಿರ ಕೇಳಿದ್ದು ಕಮ್ಮಿ ಕೆಲಸವನ್ನಲ್ಲ. ಬದಲು ಮಾಡಿಕೊಳ್ಳೋಣ ಎಂದೆ. 10, 11, 19, 20, ಈ ನಾಲ್ಕು ದಿನ ನಾನು ಎಂಟು ಗಂಟೆಯವರೆಗೆ ಇರುತ್ತೇನೆ, ಬೇಕಾದರೆ ಒಂಬತ್ತು, ಮನೆಯಲ್ಲಿ ಮೊದಲೇ ಹೇಳಿಟ್ಟಿರುತ್ತೇನೆ, ಆ ನಾಲ್ಕು ದಿನ ಕುಂಬಳೆಯಿಂದ ಮನೆಯವರೆಗಿನ ಆಟೋ ದುಡ್ಡು ಆಫೀಸು ಕೊಡಬೇಕು. ಬಾಕಿ ದಿನ ಐದೂವರೆ ಅಂದರೆ ಐದೂವರೆ. ಎದ್ದು ಹೋಗುವಾಗ ಯಾರೂ ಗಡಿಯಾರ ನೋಡಬಾರದು, "ಓ, ಹೊರಟಾಯ್ತಾ?" ಎಂದು ಕೇಳಬಾರದು. ಬೆಳಿಗ್ಗೆ ಗಾಡಿ ತಡವಾಗಿ ನಾನು ಒಂಬತ್ತರ ಬದಲು ಒಂಬತ್ತೂಕಾಲಿಗೆ ಬಂದರೆ ಆ ಕಾಲು ಗಂಟೆಯನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ತುಂಬಿಸುತ್ತೇನೆ. ಇದನ್ನು ನಾನೇ ಹೇಳಿದೆ, ಯಾಕೆಂದರೆ ಗಾಡಿಯ ತಡವನ್ನು ಹದಿಮೂರು ವರ್ಷ ಅವರು ಸಹಿಸಿಕೊಂಡದ್ದೂ ನಿಜ.

ಸಾರ್ ಡೈರಿ ತಿರುವಿದರು. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬೆರಳು ಇಟ್ಟದ್ದು ನನ್ನ ಮೇಲಲ್ಲ, ಆ 12 ದಿನಗಳ ಮೇಲೆ. "ನಾನು ಎಂತ ಮಾಡ್ಲಿ? ಪಾರ್ಟಿ ಬರುವುದೇ ಅಂಗಡಿ ಸ್ವಲ್ಪ ಖಾಲಿಯಾದ ಮೇಲೆ. ಬರಬೇಡ ಅಂದ್ರೆ ಬೇರೆ ಆಫೀಸಿಗೆ ಹೋಗ್ತಾನೆ" ಎಂದರು. ಅದು ಸುಳ್ಳಲ್ಲ. ಒಬ್ಬರು ಹಾರ್ಡ್‌ವೇರ್ ಅಂಗಡಿಯವರಿದ್ದಾರೆ, ಪಾಪ ಒಳ್ಳೆಯವರು, ತಿಂಗಳ ಬಿಲ್ಲೆಲ್ಲಾ ಒಂದು ಸಿಮೆಂಟ್ ಚೀಲದಲ್ಲಿ ತರುತ್ತಾರೆ. ಅರ್ಧ ಬಿಲ್ಲು ಆ ನುಣುಪು ಕಾಗದದ್ದು, ಬಿಸಿಲಿಗೆ ಅಕ್ಷರ ಮಾಸಿರುತ್ತದೆ, ಲೈಟಿಗೆ ಹಿಡಿದು ಓರೆ ಮಾಡಿ ಓದಬೇಕು. ಅದನ್ನು 10ನೇ ತಾರೀಕು ಸಂಜೆ ತಂದು "ನಿಧಾನ ಮಾಡಿ ಮೇಡಂ, ಅರ್ಜೆಂಟಿಲ್ಲ, ನಾಳೆ ಆದ್ರೆ ಸಾಕು" ಎನ್ನುತ್ತಾರೆ!

ಆ ಹೊತ್ತಿಗೆ ನನಗೂ ಹೊಳೆಯಿತು, ಸಾರ್‌ಗೂ ಹೊಳೆಯಿತು. ನಾವಿಬ್ಬರೂ ಎದುರು ಬದುರು ಕೂತು ಜಗಳ ಮಾಡಬೇಕಾದದ್ದೇ ಇಲ್ಲ, ಸಿಮೆಂಟ್ ಚೀಲವನ್ನು ಎಂತ ಮಾಡುವುದು ಎಂದು ನೋಡಬೇಕು. ಎಲ್ಲಾ ಪಾರ್ಟಿಗಳಿಗೆ ವಾಟ್ಸಾಪಿನಲ್ಲಿ ಹಾಕಿದೆವು. ಹಿಂದಿನ ತಿಂಗಳ ಬಿಲ್ಲು 5ರೊಳಗೆ ಬರಬೇಕು, 5 ದಾಟಿ ಬಂದದ್ದು ಸಾಲಿನಲ್ಲಿ ಕೊನೆಗೆ, ತಡವಾದರೆ ಲೇಟ್ ಫೀಸ್ ದಿನಕ್ಕೆ 50 ರೂಪಾಯಿ ನಿಮ್ಮ ಕೈಯಿಂದ. ಲೇಟ್ ಫೀಸ್ ಕಾನೂನಿನಲ್ಲಿ ಯಾವಾಗಲೂ ಇದ್ದದ್ದೇ, ನಾವು ಯಾರಿಗೂ ಹೇಳುತ್ತಿರಲಿಲ್ಲ, ನಾನು ರಾತ್ರಿ ಕೂತು ಅವರಿಗೆ ಅದನ್ನು ಉಳಿಸಿಕೊಡುತ್ತಿದ್ದೆ. ಮೊದಲ ತಿಂಗಳು ಅರ್ಧ ಪಾರ್ಟಿಗಳು ಕೇಳಲಿಲ್ಲ. ಎರಡನೇ ತಿಂಗಳು ಇಬ್ಬರು ಲೇಟ್ ಫೀಸ್ ಕಟ್ಟಿದರು. ಮೂರನೇ ತಿಂಗಳು ಹಾರ್ಡ್‌ವೇರ್‌ನವರ ಮಗ ಬಿಲ್ಲಿನ ಫೋಟೋ ತೆಗೆದು ಪ್ರತಿ ಶನಿವಾರ ಕಳಿಸಲು ಶುರು ಮಾಡಿದ. ಒಬ್ಬ ಪಾರ್ಟಿ ಬೇರೆ ಆಫೀಸಿಗೆ ಹೋದದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಸಾರ್ ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದರು.

ಮಾತಾದದ್ದನ್ನು ಅರ್ಧ ಪುಟ ಕನ್ನಡದಲ್ಲಿ ಬರೆದು ಸೈನ್ ಹಾಕಿ ಎಂದು ಕೊಟ್ಟೆ. "ಎಂತಮ್ಮಾ ಇದು, ಅಗ್ರಿಮೆಂಟಾ?" ಎಂದು ನಕ್ಕರು. ಬಾಯಿಮಾತು ಸಾಲದಾ ಎಂದರು. ಬಾಯಿಮಾತಿಗೆ ಇನ್ಪುಟ್ ಕ್ರೆಡಿಟ್ ಸಿಗುವುದಿಲ್ಲ ಸಾರ್ ಎಂದೆ (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ಲೆಕ್ಕದಲ್ಲಿ ಕಳೆಯಲು ಬಿಲ್ಲು ಬೇಕೇ ಬೇಕು). ಹಾಕಿದರು. ಹದಿನಾಲ್ಕು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ನನ್ನ ಕೈಗೆ ಬಂದ ಮೊದಲ ಕಾಗದ ಅದು. ನನಗೆ ನೇಮಕದ ಪತ್ರ ಎಂಬುದೇ ಇರಲಿಲ್ಲ, ನಮ್ಮ ಗಾಡಿಯಲ್ಲಿ ಬರುವ ಹೆಚ್ಚಿನವರಿಗೂ ಇಲ್ಲ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಅದರಲ್ಲಿ ನೇಮಕದ ಪತ್ರ ಕೊಡಲೇಬೇಕು ಎಂದುಂಟು. ಉಳಿದದ್ದರ ಬಗ್ಗೆ ಬೇಕಾದಷ್ಟು ಜಗಳ ನಡೆಯುತ್ತಿದೆ. ಇದೊಂದಕ್ಕಾದರೂ ನೀವು ಅಡ್ಡಿ ಹೇಳಬೇಡಿ. ಆ ಪತ್ರದಲ್ಲಿ ಸಂಬಳದ ಸಾಲಿನ ಕೆಳಗೆ ಮನೆಗೆ ಹೋಗುವ ಟೈಮಿಗೂ ಒಂದು ಸಾಲು ಇರಲಿ.

ಕಾನೂನಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಾನಿರುವುದು ಕೇರಳದಲ್ಲಿ, ಕೆಲಸ ಕರ್ನಾಟಕದಲ್ಲಿ. ನನಗೆ ಯಾವ ಕಾನೂನು ಎಂದು ಗಾಡಿಯಲ್ಲಿ ಎಷ್ಟೋ ಸಲ ವಾದ ನಡೆದಿದೆ. ಕೆಲಸ ಎಲ್ಲಿಯೋ ಕಾನೂನು ಅಲ್ಲಿಯದ್ದು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ದಾಟಿದರೆ ಡಬಲ್ ಸಂಬಳ. ನನ್ನ ಒಂಬತ್ತರಿಂದ ಐದೂವರೆ, ಊಟದ ಅರ್ಧ ಗಂಟೆ ಕಳೆದರೆ ದಿನಕ್ಕೆ 8, ಆರು ದಿನಕ್ಕೆ 48. ಅಂದರೆ ಕೊಡ ಕಂಠದವರೆಗೆ ತುಂಬಿಯೇ ಉಂಟು. ಆ ಹದಿನೈದು ನಿಮಿಷ ಪ್ರೀತಿಯದ್ದಲ್ಲ, ಓಟಿ, ಅಂದರೆ ಓವರ್‌ಟೈಮು. ಇದನ್ನು ನಾನು ಸಾರ್ ಮುಂದೆ ಹೇಳಲಿಲ್ಲ. ಕಾಯ್ದೆ ಪುಸ್ತಕ ಹಿಡಿದುಕೊಂಡು ಹೋದರೆ ಅಲ್ಲಿಗೆ ಮಾತು ನಿಲ್ಲುತ್ತದೆ, ವಕೀಲರು ಬರುತ್ತಾರೆ. ಆದರೆ ನನಗೆ ಗೊತ್ತುಂಟು ಎಂಬುದು ಅವರಿಗೆ ಗೊತ್ತಿತ್ತು, ಅಷ್ಟು ಸಾಕಾಯಿತು. 2025ರಲ್ಲಿ ಕರ್ನಾಟಕ ಸರ್ಕಾರ ದಿನಕ್ಕೆ 10 ಗಂಟೆ, ಓಟಿ ಸೇರಿ 12 ಗಂಟೆಯವರೆಗೆ ಎಳೆಯಲು ಹೊರಟು, ಕಾರ್ಮಿಕ ಸಂಘದವರು ಎದ್ದು ನಿಂತದ್ದು ನೆನಪಿರಬಹುದು. ಆ ಸುದ್ದಿ ಬಂದ ದಿನ ನಮ್ಮ ಬೋಗಿಯಲ್ಲಿ ಒಬ್ಬಳು "ಹನ್ನೆರಡು ಗಂಟೆ ಆದ್ರೆ ನಾವು ಪ್ಲಾಟ್‌ಫಾರ್ಮಿನಲ್ಲೇ ಮಲಗುವುದು ಒಳ್ಳೆಯದು" ಎಂದಳು. ನಕ್ಕೆವು.

ನನ್ನ ನಾದಿನಿ ಕಾಸರಗೋಡಿನ ಒಂದು ಜವಳಿ ಅಂಗಡಿಯಲ್ಲಿ ಸೇಲ್ಸ್. ಅವಳಿಗೆ ಕೇರಳದ ಕಾನೂನು. ಬೆಳಿಗ್ಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕು, ಗೋಡೆಗೆ ಒರಗಿದರೂ ಸೂಪರ್‌ವೈಸರ್ ಬರುತ್ತಾನೆ, ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದಳು. ಕಲ್ಲಿಕೋಟೆಯಲ್ಲಿ ಟೈಲರ್ ಕೆಲಸದ ಪಿ. ವಿಜಿ ಮತ್ತು ಅವರ ಪೆಣ್‌ಕೂಟ್ ಸಂಘಟನೆಯ ಹೆಂಗಸರು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2018ರಲ್ಲಿ ಕೇರಳ ತನ್ನ 1960ರ ಕಾಯ್ದೆಗೆ ತಿದ್ದುಪಡಿ ತಂದು ಅಂಗಡಿಯಲ್ಲಿ ಕೂರಲು ಆಸನ ಇಡಲೇಬೇಕು ಎಂದಿತು. 2021ರಲ್ಲಿ ತಮಿಳುನಾಡೂ ಮಾಡಿತು. ನಾದಿನಿಯ ಅಂಗಡಿಗೆ ಸ್ಟೂಲು ಬಂತು. ಆದರೆ ಅದರ ಮೇಲೆ ಕೂರುವ ಧೈರ್ಯ ಬರಲು ಮತ್ತೂ ಒಂದು ವರ್ಷ ಹಿಡಿಯಿತು, ಅಷ್ಟರವರೆಗೆ ಅದರ ಮೇಲೆ ಸೀರೆ ಬಾಕ್ಸು ಇಡುತ್ತಿದ್ದರಂತೆ. ಕಾನೂನು ಸ್ಟೂಲು ತರಿಸಿಕೊಡಬಹುದು. ಕೂತವಳನ್ನು ದುರುಗುಟ್ಟಿ ನೋಡದೆ ಇರುವುದು ಅಂಗಡಿಯವರ ಕೈಯಲ್ಲೇ ಇರುವುದು.

ಗಡಿಯ ತಾಪತ್ರಯ ಗಂಟೆಯದ್ದು ಮಾತ್ರ ಅಲ್ಲ, ಕ್ಯಾಲೆಂಡರಿನದ್ದೂ ಉಂಟು. ಇದು ಮಂಗಳೂರಿನವರಿಗೆ ತಲೆಗೇ ಹೋಗುವುದಿಲ್ಲ, ಬೇಕೆಂದು ಅಲ್ಲ, ಅನುಭವ ಇಲ್ಲ ಅಷ್ಟೇ. ನನ್ನ ಮಗಳು ಕನ್ನಡ ಮೀಡಿಯಂ, ಆದರೆ ಶಾಲೆ ಕೇರಳದ್ದು. ಅವಳಿಗೆ ದೊಡ್ಡ ರಜೆ ಓಣಂಗೆ, ಕ್ರಿಸ್ಮಸ್‌ಗೆ. ನಿಮ್ಮ ಮಕ್ಕಳಿಗೆ ದಸರಾಕ್ಕೆ. ನಿಮ್ಮ ಆಫೀಸಿನಲ್ಲಿ ಓಣಂ ಎಂದರೆ ಪಾಯಸ ತರುತ್ತೀರಾ ಎಂದು ಕೇಳುತ್ತಾರೆಯೇ ಹೊರತು ರಜೆ ಇಲ್ಲ. ಹತ್ತು ದಿನ ಅವಳು ಮನೆಯಲ್ಲಿ, ನಾನು ಗಾಡಿಯಲ್ಲಿ. ಜೂನ್ ಜುಲೈಯಲ್ಲಿ ಕಾಸರಗೋಡಿನ ಕಲೆಕ್ಟರ್ ಮಳೆಗೆ ರಜೆ ಕೊಟ್ಟರೆ ಮಂಗಳೂರಿನಲ್ಲಿ ಅದೇ ಮಳೆಗೆ ರಜೆ ಇರುವುದಿಲ್ಲ. ನವೆಂಬರ್ 1 ಬಂದರೆ ಇನ್ನೂ ಚಂದ. ನನಗೆ ರಾಜ್ಯೋತ್ಸವದ ರಜೆ, ಮನೆಯಲ್ಲಿರುತ್ತೇನೆ. ಮಗಳಿಗೆ ಶಾಲೆ, ಅಲ್ಲಿ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. 1956ರಲ್ಲಿ ಎಳೆದ ಗೆರೆ ನಮ್ಮ ಅಡುಗೆಮನೆಯ ನಡುವಿನಿಂದಲೇ ಹೋಗಿದೆ.

2021ರ ಏಪ್ರಿಲ್ 6, ಕೇರಳ ವಿಧಾನಸಭೆಗೆ ಓಟು. ಮಂಗಳೂರಿನಲ್ಲಿ ಎಂದಿನ ಹಾಗೆ ಕೆಲಸ. ಓಟಿಗೆ ಸಂಬಳದ ರಜೆ ಕೊಡಬೇಕು ಎಂದು ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಯಲ್ಲಿ ಉಂಟು ಎಂದು ಆಗ ನನಗೂ ಗೊತ್ತಿರಲಿಲ್ಲ, ಸಾರ್‌ಗೂ ಗೊತ್ತಿರಲಿಲ್ಲ. ನನ್ನದೊಂದು ಸಿಎಲ್, ಕ್ಯಾಶುವಲ್ ರಜೆ, ಹೋಯಿತು. ಈಗ ಗೊತ್ತುಂಟು.

ಮಧೂರಿನ ಕಥೆ ಹೇಳದಿದ್ದರೆ ಸಾರ್‌ಗೆ ಅನ್ಯಾಯ ಮಾಡಿದ ಹಾಗೆ. 2025ರಲ್ಲಿ ಕಾಸರಗೋಡಿನ ಹತ್ತಿರದ ಮಧೂರು ಗಣಪತಿ ದೇವಸ್ಥಾನದಲ್ಲಿ ಮೂಡಪ್ಪ ಸೇವೆ, ಗಣಪತಿಯನ್ನು ಅಪ್ಪದಿಂದ ಮುಚ್ಚುವ ಅಪರೂಪದ ಸೇವೆ. ಅದಕ್ಕೆ ಹಿಂದೆ ನಡೆದದ್ದು 1992ರಲ್ಲಿ, ಆಗ ನನಗೆ ಐದು ವರ್ಷ, ಅಪ್ಪನ ಹೆಗಲ ಮೇಲಿಂದ ನೋಡಿದ ನೆನಪು. ಈ ಸಲ ಬಂದದ್ದು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ಇಯರ್ ಎಂಡ್! ಎರಡು ದಿನ ರಜೆ ಕೇಳಿದರೆ ಸಾರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮಾರ್ಚ್ ಎಂಡಲ್ಲಾ?" ಎಂದರು. "33 ವರ್ಷದ ಮೇಲೆ ಬಂದದ್ದು ಸಾರ್, ಮುಂದಿನದ್ದಕ್ಕೆ ನಾನಿರ್ತೇನೋ ಇಲ್ವೋ" ಎಂದೆ. ಸುಮ್ಮನಾದರು. ಮಾರ್ಚ್ 31ರವರೆಗೆ ಗಟ್ಟಿಯಾಗಿ ಕೂತು ಮುಗಿಸಿ ಹೋಗು, ಅಪ್ಪದ ಪ್ರಸಾದ ತರಲು ಮರೆಯಬೇಡ ಎಂದರು. ತಂದುಕೊಟ್ಟೆ. ಆಮೇಲೆ ಡೈರಿ ಹಿಡಿದುಕೊಂಡು ಹೋಗುವ ಧೈರ್ಯ ನನಗೆ ಬಂದದ್ದು ಅಲ್ಲಿಂದ. ಕೇಳಿದರೆ ಕೊಡುವ ಮನುಷ್ಯ, ಹೇಗೆ ಕೇಳುವುದು ಎಂದು ನನಗೆ ಗೊತ್ತಿರಲಿಲ್ಲ.

ಮನೆಯಿಂದ ಕೆಲಸ ಮಾಡುವ ವಿಷಯ ಎತ್ತಿದರೆ ನಿಮ್ಮಲ್ಲಿ ಕೆಲವರು "ನಮ್ಮ ಲೈನಿನಲ್ಲಿ ಅದು ನಡೆಯುವುದಿಲ್ಲ" ಎನ್ನುತ್ತೀರಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಒಳದಾರಿಗಳಿಗೆ ಮಣ್ಣು ಸುರಿದಾಗ, ಆಸ್ಪತ್ರೆಗೆ ಹೋಗುವವರನ್ನೂ ಬಿಡದಿದ್ದಾಗ, ನಮ್ಮ ಲೈನಿನಲ್ಲಿ ಅದು ಹೇಗೆ ನಡೆಯಿತು? ಸಾರ್ ಟ್ಯಾಲಿಯ ಬ್ಯಾಕಪ್ ಕಳಿಸಿದರು, ನಾನು ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ರೇಂಜ್ ಹುಡುಕಿ ಕೂತು ರಿಟರ್ನ್ ಹಾಕಿದೆ. ಕರೆಂಟು ಹೋಗುತ್ತದೆ, ಒಪ್ಪುತ್ತೇನೆ. ದಿನಾ ಬೇಡ. ತಿಂಗಳಿಗೆ ಎರಡು ಶನಿವಾರ ಕೇಳಿದೆ, ಒಂದು ಸಿಕ್ಕಿತು.

ಇನ್ನು ರಾತ್ರಿಯ ವಾಯ್ಸ್ ಮೆಸೇಜು. ಹತ್ತು ಗಂಟೆಗೆ ಫೋನ್ ಟಿಣ್ ಎನ್ನುತ್ತದೆ. ಎರಡು ನಿಮಿಷದ ಮೆಸೇಜು, ಕೊನೆಯಲ್ಲಿ "ನಾಳೆ ನೋಡಿದ್ರೆ ಸಾಕು." ನಾಳೆ ನೋಡಿದರೆ ಸಾಕಾದದ್ದನ್ನು ನಾಳೆ ಕಳಿಸಿ ಸಾರ್. ನೀವು ಮರೆಯಬಾರದು ಎಂದು ಕಳಿಸುತ್ತೀರಿ. ಈಗ ನಿಮಗೆ ಮರೆಯುತ್ತದೆ, ನನಗೆ ರಾತ್ರಿಯಿಡೀ ನೆನಪಿರುತ್ತದೆ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ಕೆಲಸದ ಹೊತ್ತು ಮುಗಿದ ಮೇಲೆ ಇಂಥ ಮೆಸೇಜಿಗೆ ಉತ್ತರ ಕೊಡದಿರುವ ಹಕ್ಕಿಗೆ ಕಾನೂನುಂಟು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆಯವರು 2018ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಇಟ್ಟಿದ್ದರು, ಕಾನೂನಾಗಲಿಲ್ಲ. ನಮ್ಮ ಆಫೀಸಿನಲ್ಲಿ ಕಾನೂನಿಲ್ಲದೆಯೇ ಒಂದು ಉಪಾಯ ಆಯಿತು. ಸಾರ್ ಈಗ ರಾತ್ರಿ ನೆನಪಾದದ್ದನ್ನೆಲ್ಲಾ ತಮ್ಮ ನಂಬರಿಗೇ ಕಳಿಸಿಕೊಳ್ಳುತ್ತಾರೆ, ಬೆಳಿಗ್ಗೆ ಒಂಬತ್ತಕ್ಕೆ ನಮಗೆ ದಾಟಿಸುತ್ತಾರೆ. ಅದರಲ್ಲಿ ಅರ್ಧ ಬೆಳಿಗ್ಗೆ ನೋಡುವಾಗ ಅವರಿಗೇ ಬೇಡ ಅನಿಸುತ್ತದಂತೆ.

ನನ್ನ ಜೊತೆ ಗಾಡಿಯಲ್ಲಿ ಬರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮಗೂ ಎರಡು ಮಾತು. ನಾವೇನು ಹಾಲಿನಲ್ಲಿ ತೊಳೆದವರಲ್ಲ. ಬಂದ ಮೊದಲ ಅರ್ಧ ಗಂಟೆ ಬ್ಯಾಗು ಇಡುವುದು, ಮುಖ ತೊಳೆಯುವುದು, ಚಾ, ಮಂಜೇಶ್ವರದಲ್ಲಿ ಯಾರಿಗೆ ಸೀಟು ಸಿಗಲಿಲ್ಲ ಎಂಬ ಕಥೆ. ಮಧ್ಯಾಹ್ನ ರೀಲ್ಸು. ಸಂಜೆ ಗಾಡಿ ಹಿಡಿಯುವ ಹಕ್ಕು ಕೇಳುವವರು ಇದನ್ನು ಸ್ವಲ್ಪ ನೋಡಿಕೊಳ್ಳಬೇಕು. ಮತ್ತೆ, ಡೈರಿ ಇಡುವುದಾದರೆ ನಿಮ್ಮ ತಡವನ್ನೂ ಅದರಲ್ಲೇ ಬರೆಯಿರಿ. ನನ್ನ ಡೈರಿಯಲ್ಲಿ ನನ್ನದೂ 19 ದಿನ ಇತ್ತು. ಸಾರ್ ಅದನ್ನು ನೋಡಿದ ಮೇಲೆಯೇ ಬಾಕಿ ಪುಟಗಳನ್ನು ನಂಬಿದ್ದು.

ಈಗ ಎಲ್ಲಾ ಸರಿಯಾಯಿತಾ ಎಂದರೆ ಇಲ್ಲ. ಒಪ್ಪಂದ ಆದ ಮೇಲೂ ನಾಲ್ಕೈದು ಸಲ ಗಾಡಿ ತಪ್ಪಿದೆ. ಒಂದು ಸಲ ನನ್ನದೇ ತಪ್ಪು, ಎಂಟ್ರಿ ಉಲ್ಟಾ ಹೊಡೆದಿದ್ದೆ. ಜೆಪ್ಪಿನ ಸಹೋದ್ಯೋಗಿಗೆ ನನ್ನ ಮೇಲೆ ಸ್ವಲ್ಪ ಬೇಜಾರುಂಟು, ಐದೂವರೆ ಆದ ಮೇಲೆ ಬರುವ ಪಾರ್ಟಿಯನ್ನು ಅವಳೇ ನೋಡಬೇಕಾಗುತ್ತದೆ. ಅದೂ ನ್ಯಾಯವೇ. ಅವಳು ಬೆಳಿಗ್ಗೆ ಹತ್ತಕ್ಕೆ ಬರಲಿ ಎಂದು ಕೇಳುತ್ತಿದ್ದೇವೆ, ಸಾರ್ ಯೋಚನೆ ಮಾಡುತ್ತೇನೆ ಎಂದಿದ್ದಾರೆ.

ನಿಮ್ಮ ಆಫೀಸಿನಲ್ಲೂ ತಲಪಾಡಿ ದಾಟಿ ಬರುವವರು ಒಬ್ಬರಾದರೂ ಇರುತ್ತಾರೆ. ಈ ವಾರ ಒಂದು ದಿನ ಅವರನ್ನು ಕರೆದು ಕೂರಿಸಿ, ಚಾ ತರಿಸಿ, ನಿಮ್ಮ ಗಾಡಿ ಯಾವುದು ಎಂದು ಕೇಳಿ. ನನ್ನ ಹತ್ತಿರ ಮಾತಾಡಬೇಕು, ಆ ಅರ್ಧ ಪುಟ ನೋಡಬೇಕು ಎಂದು ಯಾರಿಗಾದರೂ ಅನಿಸಿದರೆ ಸಂಜೆ ಸೆಂಟ್ರಲ್ ಸ್ಟೇಷನ್ನಿಗೆ ಬನ್ನಿ, ಪ್ಯಾಸೆಂಜರ್ ನಿಲ್ಲುವ ಪ್ಲಾಟ್‌ಫಾರ್ಮಿನಲ್ಲಿ ಬಸಳೆ ಕಟ್ಟು ಹಿಡಿದುಕೊಂಡು ನಿಂತಿರುತ್ತೇನೆ. 10, 11, 19, 20 ಮಾತ್ರ ಬೇಡ. ಆ ದಿನ ಆಫೀಸಿನಲ್ಲಿರುತ್ತೇನೆ.

ಇತಿ,
ಕುಂಬಳೆ ಸೀಸನ್ ಟಿಕೆಟಿನವಳು